ಮೌಸ್ ಸಿಕ್ಕಿಸಿದರೆ ಸಾಕು, ಪ್ರಿಂಟರ್‌ಗೆ ಯಾಕೆ ಇಷ್ಟು ಪಾಡು?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಸಂಕಟದ ಬಗ್ಗೆ ಇವೆ. ಸಾಧನ ತಂದು ಕಂಪ್ಯೂಟರಿಗೆ ಸಿಕ್ಕಿಸಿದ್ದೇವೆ, ಕೆಲಸ ಮಾಡುತ್ತಿಲ್ಲ, ಮುಂದೇನು ಅಂತ. ನಾಲ್ಕು ಪ್ರಶ್ನೆ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಅದನ್ನು ಓದಿಕೊಂಡರೆ ಉಳಿದ ಮೂರು ಸಲೀಸು.

ಪ್ರಶ್ನೆ: ಮಗ ಹೊಸ ಲ್ಯಾಪ್‌ಟಾಪ್ ಕೊಡಿಸಿದ್ದಾನೆ. ಮನೆಯಲ್ಲಿದ್ದ ಹಳೇ ಪ್ರಿಂಟರ್ ಜೋಡಿಸಿದರೆ ಪ್ರಿಂಟ್ ಬರುತ್ತಿಲ್ಲ. ಅದರ ಡಬ್ಬಿಯಲ್ಲಿ ಒಂದು ಸಿ.ಡಿ. ಇದೆ. ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಮೌಸ್ ಸಿಕ್ಕಿಸಿದ ತಕ್ಷಣ ಓಡಾಡುತ್ತದೆ, ಪ್ರಿಂಟರ್ ಯಾಕೆ ಹೀಗೆ? ನನಗೆ ತಿಳಿಯದೆ ಏನಾದರೂ ತಪ್ಪು ಮಾಡಿದ್ದೇನಾ?
– ನಿವೃತ್ತ ಶಿಕ್ಷಕಿ, ಅರಸೀಕೆರೆ

ಇಲ್ಲ ಮೇಡಂ, ನಿಮ್ಮ ತಪ್ಪು ಏನೂ ಇಲ್ಲ. 1998ರ ಏಪ್ರಿಲ್‌ನಲ್ಲಿ ಶಿಕಾಗೋದ ದೊಡ್ಡ ಕಂಪ್ಯೂಟರ್ ಮೇಳದಲ್ಲಿ ವಿಂಡೋಸ್ 98 ತೋರಿಸುತ್ತಿದ್ದರು. ಬಿಲ್ ಗೇಟ್ಸ್ ವೇದಿಕೆ ಮೇಲೆ ನಿಂತಿದ್ದಾಗಲೇ ಅವರ ಸಹೋದ್ಯೋಗಿ ಒಂದು ಸ್ಕ್ಯಾನರ್ ಸಿಕ್ಕಿಸಿದರು. ಪರದೆ ನೀಲಿಯಾಗಿ ಕಂಪ್ಯೂಟರ್ ನಿಂತೇಹೋಯಿತು. ಮಾಡಿದವರ ಕೈಯಲ್ಲೇ ಹಾಗಾಗಿದೆ ಅಂದಮೇಲೆ ನೀವು ನಿಮ್ಮನ್ನೇ ಬೈದುಕೊಳ್ಳಬೇಡಿ.

ನಿಮ್ಮ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಮೌಸ್ ಮತ್ತು ಪ್ರಿಂಟರ್ ಎರಡಕ್ಕೂ ಇರುವುದು ಯುಎಸ್‌ಬಿ ಕೇಬಲ್ಲೇ. ಆದರೂ ಒಂದು ತಾನಾಗೇ ನಡೆಯುತ್ತದೆ, ಇನ್ನೊಂದು ನಡೆಯುವುದಿಲ್ಲ. ಕೇಬಲ್ ಒಳಗೆ ಸೇರಿದ ಕೂಡಲೇ ಕಂಪ್ಯೂಟರಿಗೂ ಸಾಧನಕ್ಕೂ ಒಂದು ಸಣ್ಣ ಮಾತುಕತೆ ಆಗುತ್ತದೆ. ಹೊಸದಾಗಿ ಬಂದ ಸಾಧನದ ವಿಳಾಸ ಮೊದಲು ಸೊನ್ನೆ. ಕಂಪ್ಯೂಟರ್ ಅದಕ್ಕೆ 1ರಿಂದ 127ರ ಒಳಗೆ ಒಂದು ನಂಬರ್ ಕೊಟ್ಟು, ನೀನು ಯಾರು ಅಂತ ವಿಚಾರಿಸುತ್ತದೆ. ಸಾಧನ ತನ್ನ ಕಂಪನಿಯ ನಂಬರ್, ಮಾದರಿಯ ನಂಬರ್ ಮತ್ತು ತಾನು ಯಾವ ವರ್ಗಕ್ಕೆ ಸೇರಿದ್ದು ಅನ್ನುವುದನ್ನು ತಿಳಿಸುತ್ತದೆ.

ಮೌಸ್, ಕೀಬೋರ್ಡ್‌ಗಳ ವರ್ಗದ ನಂಬರ್ 3. ಪ್ರಿಂಟರ್‌ಗಳದ್ದು 7, ಪೆನ್ ಡ್ರೈವ್‌ಗಳದ್ದು 8. ಎಡಕ್ಕೆ ಸರಿದೆ, ಬಲಕ್ಕೆ ಸರಿದೆ, ಬಟನ್ ಒತ್ತಿದರು ಅಂತ ಮೌಸ್ ಹೇಳುವ ರೀತಿಯನ್ನು ಆ ವರ್ಗದ ನಿಯಮವೇ ಗೊತ್ತು ಮಾಡಿಟ್ಟಿದೆ. ಯಾವ ಕಂಪನಿಯ ಮೌಸ್ ಆದರೂ ಅದೇ ರೀತಿ. ಹಾಗಾಗಿ ಅದಕ್ಕೆ ಬೇಕಾದ ಡ್ರೈವರ್ (ಸಾಧನದ ಜೊತೆ ಮಾತಾಡಲು ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರ್) ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಮೊದಲೇ ಇರುತ್ತದೆ.

ಪ್ರಿಂಟರ್ ವಿಷಯದಲ್ಲಿ 7 ಅನ್ನುವ ನಂಬರ್ ಹೇಳುವುದು ಸ್ವಲ್ಪವೇ. ಮಾಹಿತಿಯನ್ನು ಹೇಗೆ ತಲುಪಿಸಬೇಕು ಅನ್ನುವುದು ಅದರಲ್ಲಿದೆ. ಹಾಳೆ ಮೇಲೆ ಮೂಡಬೇಕಾದ್ದನ್ನು ಯಾವ ಭಾಷೆಯಲ್ಲಿ ಹೇಳಬೇಕು ಅನ್ನುವುದು ಇಲ್ಲ. ಅಂಚೆಯವರಿಗೆ ಮನೆ ಸಿಕ್ಕಿದೆ, ಮನೆಯೊಳಗಿನವರಿಗೆ ಯಾವ ಭಾಷೆ ಬರುತ್ತದೋ ಗೊತ್ತಿಲ್ಲ. ಒಂದೊಂದು ಕಂಪನಿಯೂ ತನ್ನದೇ ಭಾಷೆ ಇಟ್ಟುಕೊಂಡಿತು. ಕಡಿಮೆ ಬೆಲೆಯ ಪ್ರಿಂಟರ್‌ಗಳಲ್ಲಿ ಈ ತೊಂದರೆ ಜಾಸ್ತಿ. ಅವುಗಳಲ್ಲಿ ಬೆಲೆ ಇಳಿಸಲು ಒಳಗಿನ ಲೆಕ್ಕಾಚಾರದ ಭಾಗವನ್ನು ಕಡಿಮೆ ಮಾಡಿರುತ್ತಾರೆ. ಯಾವ ಚುಕ್ಕೆ ಎಲ್ಲಿ ಬೀಳಬೇಕು ಅಂತ ಕಂಪ್ಯೂಟರೇ ಲೆಕ್ಕ ಹಾಕಿ ಕಳಿಸಬೇಕು. ಆ ಕೆಲಸ ಮಾಡುವುದೇ ಡ್ರೈವರ್, ನಿಮ್ಮ ಸಿ.ಡಿ.ಯಲ್ಲಿ ಇರುವುದೂ ಅದೇ.

ಈಗ ಮಾಡಬೇಕಾದ್ದು. ಆ ಸಿ.ಡಿ. ಬದಿಗಿಡಿ. ಹಳೇ ಸಿ.ಡಿ.ಯಲ್ಲಿರುವ ಡ್ರೈವರ್ ಹಳೇ ವಿಂಡೋಸ್‌ಗೆ ಬರೆದದ್ದು. 32 ಬಿಟ್‌ಗೆ ಮಾತ್ರ ಬರೆದ ಡ್ರೈವರ್ ಇವತ್ತಿನ 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಪ್ರಿಂಟರ್ ಮೇಲಿರುವ ಮಾದರಿಯ ಹೆಸರನ್ನು ಅಕ್ಷರ, ಅಂಕಿ ತಪ್ಪದಂತೆ ಬರೆದುಕೊಳ್ಳಿ. ಕೊನೆಯ ಒಂದು ಅಕ್ಷರ ಬದಲಾದರೂ ಬೇರೆ ಪ್ರಿಂಟರ್ ಆಗಿಬಿಡಬಹುದು. ಕೇಬಲ್ ಹಾಕಿ, ಇಂಟರ್ನೆಟ್ ಆನ್ ಮಾಡಿ, ಹತ್ತು ನಿಮಿಷ ಸುಮ್ನೆ ಬಿಡಿ. ವಿಂಡೋಸ್ ತಾನೇ ಹುಡುಕಿ ಡ್ರೈವರ್ ತಂದುಕೊಳ್ಳುವುದೂ ಉಂಟು. ಬರದಿದ್ದರೆ ವಿಂಡೋಸ್ ಅಪ್‌ಡೇಟ್‌ನಲ್ಲಿ ಆಪ್ಷನಲ್ ಅಪ್‌ಡೇಟ್ಸ್ ಅಂತ ಇರುತ್ತದೆ, ಅಲ್ಲಿ ನೋಡಿ. ಅಲ್ಲೂ ಇಲ್ಲವಾದರೆ ಪ್ರಿಂಟರ್ ಕಂಪನಿಯ ಸ್ವಂತ ಜಾಲತಾಣಕ್ಕೆ ಹೋಗಿ. ಹಾಗೆ ಇಳಿಸಿಕೊಂಡಾಗ ಮೊದಲು ಕೇಬಲ್ ತೆಗೆಯಿರಿ. ಸೆಟಪ್ ಶುರು ಮಾಡಿ, ಅದು ಕೇಳಿದಾಗ ಮಾತ್ರ ಸಿಕ್ಕಿಸಿ. ಸಾಫ್ಟ್‌ವೇರ್ ಹಾಕುವ ತನಕ ಕೇಬಲ್ ಜೋಡಿಸಬೇಡಿ ಅಂತ ಎಷ್ಟೋ ಪ್ರಿಂಟರ್‌ಗಳ ಮೇಲೆ ಸ್ಟಿಕರ್ ಇರುತ್ತಿತ್ತು. ಮೊದಲೇ ಸಿಕ್ಕಿಸಿದರೆ ವಿಂಡೋಸ್ ಅದನ್ನು ಗುರುತು ಸಿಗದ ಸಾಧನ ಅಂತ ಬರೆದಿಟ್ಟುಕೊಂಡು, ಆಮೇಲೆ ಸರಿಯಾದ ಡ್ರೈವರ್ ಬಂದರೂ ಗೊಂದಲ ಮಾಡಿಕೊಳ್ಳುತ್ತಿತ್ತು.

ಒಂದು ವಿಷಯದಲ್ಲಿ ತುಂಬಾ ಹುಷಾರಾಗಿರಿ. ಪ್ರಿಂಟರ್ ಡ್ರೈವರ್ ಅಂತ ಹುಡುಕಿದರೆ ಸಹಾಯವಾಣಿ ಅಂತ ಫೋನ್ ನಂಬರ್ ತೋರಿಸುವ ನಕಲಿ ಪುಟಗಳು ಬರುತ್ತವೆ. ಫೋನ್ ಮಾಡಿದರೆ ನಿಮ್ಮ ಕಂಪ್ಯೂಟರನ್ನು ದೂರದಿಂದಲೇ ಹಿಡಿತಕ್ಕೆ ತೆಗೆದುಕೊಂಡು ದುಡ್ಡು ಕೇಳುತ್ತಾರೆ. ಡ್ರೈವರ್‌ಗೆ ಪ್ರಿಂಟರ್ ಕಂಪನಿಗಳು ಬೇರೆ ದುಡ್ಡು ಕೇಳುವುದಿಲ್ಲ. ದುಡ್ಡಿನ ಮಾತು ಬಂದ ಕೂಡಲೇ ಫೋನ್ ಇಟ್ಟುಬಿಡಿ.

ಇಷ್ಟೆಲ್ಲ ಮಾಡಿದ ಮೇಲೂ ಆಗದಿದ್ದರೆ ಹೊಸ ಪ್ರಿಂಟರ್ ಕೊಳ್ಳಬೇಕಾಗಬಹುದು. ಆಗ ಡಬ್ಬಿಯ ಮೇಲೆ ಏರ್‌ಪ್ರಿಂಟ್ ಅಥವಾ ಮೊಪ್ರಿಯ ಅನ್ನುವ ಹೆಸರು ಇದೆಯಾ ನೋಡಿ. 2010ರಲ್ಲಿ ಆಪಲ್ ಕಂಪನಿ ಐಫೋನ್‌ನಿಂದ ಡ್ರೈವರ್ ಇಲ್ಲದೆ ಪ್ರಿಂಟ್ ತೆಗೆಯುವ ದಾರಿ ಮಾಡಿತು. ಫೋನಿಗೆ ಒಂದೊಂದು ಪ್ರಿಂಟರಿಗೂ ಒಂದು ಡ್ರೈವರ್ ಹಾಕುತ್ತಾ ಕೂರಲು ಆಗುವುದಿಲ್ಲ ಅಲ್ವಾ? ಆದ್ದರಿಂದ ಪ್ರಿಂಟರ್ ಕಂಪನಿಗಳೇ ಒಂದು ಸಾಮಾನ್ಯ ಭಾಷೆಗೆ ಬಂದವು. ಮೊಪ್ರಿಯ ಅನ್ನುವುದು ಆಂಡ್ರಾಯ್ಡ್ ಮತ್ತು ವಿಂಡೋಸ್ ಕಡೆಯ ಅಂಥದ್ದೇ ಏರ್ಪಾಡು. ಬೇರೆ ಕಂಪನಿಗಳ ಹೊಸ ಪ್ರಿಂಟರ್ ಡ್ರೈವರ್‌ಗಳನ್ನು ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತಹಂತವಾಗಿ ನಿಲ್ಲಿಸುತ್ತೇವೆ ಅಂತ ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿತು. ಇನ್ನು ಮುಂದೆ ಸಾಮಾನ್ಯ ಭಾಷೆ ಬಲ್ಲ ಪ್ರಿಂಟರ್‌ಗಳದ್ದೇ ಕಾಲ. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಆ ಭಾಷೆ ಬಾರದ ಪ್ರಿಂಟರ್ ತರಬೇಡಿ.

ಪ್ರಶ್ನೆ: ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ರಾತ್ರಿ ಎಲ್ಲ ಕೇಬಲ್ ತೆಗೆದು ಹೋಗುತ್ತೇನೆ. ಬೆಳಿಗ್ಗೆ ಸಿಕ್ಕಿಸಿದರೆ ಕೆಲವು ದಿನ ಪ್ರಿಂಟರ್ ಆಫ್‌ಲೈನ್ ಅಂತ ತೋರಿಸುತ್ತದೆ. ಪಟ್ಟಿಯಲ್ಲಿ ಅದೇ ಪ್ರಿಂಟರ್ ಕಾಪಿ 1, ಕಾಪಿ 2 ಅಂತ ಮೂರು ಸಲ ಇದೆ. ಗಿರಾಕಿಗಳು ಕಾಯುತ್ತಿರುತ್ತಾರೆ, ತಲೆ ಕೆಡುತ್ತದೆ.
– ಅಂಗಡಿ ಮಾಲೀಕರು, ಕೊಪ್ಪಳ

ನೀವು ಒಂದೊಂದು ದಿನ ಒಂದೊಂದು ತೂತಿಗೆ, ಅಂದರೆ ಪೋರ್ಟ್‌ಗೆ, ಕೇಬಲ್ ಹಾಕುತ್ತಿದ್ದೀರಿ, ಬಹುಶಃ ಅಷ್ಟೇ.

ಕೆಲವು ಪ್ರಿಂಟರ್‌ಗಳು ಕಂಪ್ಯೂಟರಿಗೆ ತಮ್ಮ ಸೀರಿಯಲ್ ನಂಬರ್ ಹೇಳುವುದಿಲ್ಲ. ಆಗ ವಿಂಡೋಸ್ ಅದನ್ನು ಯಾವ ಪೋರ್ಟ್‌ನಲ್ಲಿದೆ ಅನ್ನುವುದರ ಮೇಲೆ ಗುರುತಿಟ್ಟುಕೊಳ್ಳುತ್ತದೆ. ಬೇರೆ ಪೋರ್ಟ್‌ಗೆ ಹಾಕಿದರೆ ಹೊಸ ಪ್ರಿಂಟರ್ ಬಂತು ಅಂದುಕೊಂಡು ಕಾಪಿ 1 ಅಂತ ಸೇರಿಸುತ್ತದೆ. ಆದರೆ ನಿಮ್ಮ ಪ್ರಿಂಟ್ ಹೋಗುವುದು ಹಳೇ ಹೆಸರಿಗೆ. ಆ ಪೋರ್ಟ್ ಖಾಲಿ ಇರುತ್ತದೆ, ಅದಕ್ಕೇ ಆಫ್‌ಲೈನ್.

ಮೂರೂ ಹೆಸರು ಅಳಿಸಿ, ಒಂದೇ ಪೋರ್ಟ್‌ಗೆ ಸಿಕ್ಕಿಸಿ, ಮತ್ತೆ ಸೇರಿಸಿ. ಹಿಂಬದಿಯ ಪೋರ್ಟ್ ಆದರೆ ಒಳ್ಳೆಯದು. ಪೋರ್ಟ್ ಪಕ್ಕದಲ್ಲೂ ಕೇಬಲ್ ತುದಿಯಲ್ಲೂ ಒಂದೇ ಬಣ್ಣದ ಟೇಪ್ ಅಂಟಿಸಿ. ಅಂಗಡಿಯ ಹುಡುಗರು ಸಿಕ್ಕಿಸಿದರೂ ತಪ್ಪಾಗುವುದಿಲ್ಲ. ಕೇಬಲ್ ತೆಗೆಯುವ ಬದಲು ಪ್ರಿಂಟರ್‌ನ ಪ್ಲಗ್ ಮಾತ್ರ ತೆಗೆದರೂ ಸಾಕು. ಗುಡುಗು ಮಿಂಚಿನ ದಿನ ಎರಡೂ ತೆಗೆಯಿರಿ.

ಸೇರಿಸುವಾಗ ಅಡ್ಮಿನ್ ಪಾಸ್‌ವರ್ಡ್ ಕೇಳಿದರೆ ಗಾಬರಿಯಾಗಬೇಡಿ. ಪ್ರಿಂಟ್ ವ್ಯವಸ್ಥೆಯಲ್ಲಿ ದೊಡ್ಡ ಭದ್ರತಾ ಲೋಪ ಸಿಕ್ಕಿದ ಮೇಲೆ, 2021ರ ಆಗಸ್ಟ್‌ನಿಂದ ಮೈಕ್ರೋಸಾಫ್ಟ್ ನಿಯಮ ಬಿಗಿ ಮಾಡಿದೆ. ಬೇರೆ ಕಂಪ್ಯೂಟರಿಗೆ ಜೋಡಿಸಿದ ಪ್ರಿಂಟರನ್ನು ನೆಟ್‌ವರ್ಕ್ ಮೂಲಕ ಸೇರಿಸುವಾಗ ಅದು ಎದುರಾಗುತ್ತದೆ.

ಪ್ರಶ್ನೆ: ಅಂಗಡಿಗೆ ಬಾರ್‌ಕೋಡ್ ಸ್ಕ್ಯಾನರ್ ತಂದೆ. ಏನೂ ಇನ್‌ಸ್ಟಾಲ್ ಮಾಡದೆ ಕೆಲಸ ಶುರು ಮಾಡಿತು. ಆದರೆ ಕೆಲವು ಸಲ ಇಂಗ್ಲಿಷ್ ಅಕ್ಷರದ ಬದಲು ಕನ್ನಡ ಅಕ್ಷರ ಬೀಳುತ್ತವೆ! ಸ್ಕ್ಯಾನರ್ ಕೆಟ್ಟಿದೆಯಾ?
– ಸ್ಟೇಷನರಿ ಅಂಗಡಿ, ದಾವಣಗೆರೆ

ಕೆಟ್ಟಿಲ್ಲ. ಅದು ಸುಲಭವಾಗಿ ಇನ್‌ಸ್ಟಾಲ್ ಆದ ಕಾರಣವೇ ಇದಕ್ಕೂ ಕಾರಣ.

ನಿಮ್ಮ ಸ್ಕ್ಯಾನರ್ ಕಂಪ್ಯೂಟರಿಗೆ ತಾನು ಕೀಬೋರ್ಡ್ ಅಂತ ಹೇಳಿಕೊಳ್ಳುತ್ತದೆ. ಮೇಲೆ ಹೇಳಿದ 3ನೇ ವರ್ಗ. ಗೆರೆಗಳನ್ನು ಓದಿ, ಯಾರೋ ವೇಗವಾಗಿ ಟೈಪ್ ಮಾಡಿದ ಹಾಗೆ ಕಳಿಸುತ್ತದೆ. ಬಹಳ ಜಾಣ ಉಪಾಯ. ಹೊಸ ಡ್ರೈವರ್ ಬೇಡ, ಬಿಲ್ಲಿಂಗ್ ಸಾಫ್ಟ್‌ವೇರ್ ಬದಲಿಸುವುದೂ ಬೇಡ. ಆದರೆ ಕೀಬೋರ್ಡ್ ಅಕ್ಷರ ಕಳಿಸುವುದಿಲ್ಲ, ಯಾವ ಕೀ ಒತ್ತಿದೆ ಅನ್ನುವುದನ್ನು ಮಾತ್ರ ಕಳಿಸುತ್ತದೆ. ಅದರಿಂದ ಯಾವ ಅಕ್ಷರ ಮೂಡಬೇಕು ಅಂತ ತೀರ್ಮಾನಿಸುವುದು ಕಂಪ್ಯೂಟರ್. ನೀವು ಇನ್‌ಸ್ಕ್ರಿಪ್ಟ್ ಅನ್ನುವ ಕನ್ನಡ ಕೀಬೋರ್ಡ್ ವಿಧಾನ ಆನ್ ಮಾಡಿಟ್ಟಿದ್ದರೆ ಬಾರ್‌ಕೋಡ್‌ನಲ್ಲಿರುವ ದೊಡ್ಡ ಕೆ ಅಕ್ಷರ ‘ಖ’ ಆಗಿಬಿಡುತ್ತದೆ.

ಸ್ಕ್ಯಾನ್ ಮಾಡುವ ಮೊದಲು ಇಂಗ್ಲಿಷ್‌ಗೆ ಬದಲಿಸಿ. ಅದು ನೆನಪಿನಲ್ಲಿ ಉಳಿಯುವುದಿಲ್ಲ ಅಂದರೆ ವಿಂಡೋಸ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಒಂದೊಂದು ಆ್ಯಪ್ ಕಿಟಕಿಗೂ ಬೇರೆ ಭಾಷೆ ಇಟ್ಟುಕೊಳ್ಳುವ ಆಯ್ಕೆ ಇದೆ. ಬಿಲ್ಲಿಂಗ್ ಕಿಟಕಿಗೆ ಇಂಗ್ಲಿಷ್, ಪತ್ರ ಬರೆಯುವ ಕಿಟಕಿಗೆ ಕನ್ನಡ ಇರಲಿ.

ಪ್ರಶ್ನೆ: ನಾವು ಮೂವರು ಸೇರಿ ಮಣ್ಣಿನ ತೇವ ಅಳೆಯುವ ಒಂದು ಸಣ್ಣ ಸಾಧನ ಮಾಡುತ್ತಿದ್ದೇವೆ. ರೈತರು ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಅಳತೆ ನೋಡಬೇಕು. ಈಗ ಅದಕ್ಕೆ ಡ್ರೈವರ್ ಹಾಕಲು ನಮಗೇ ಅರ್ಧ ಗಂಟೆ ಬೇಕು. ಸುಲಭ ಮಾಡುವುದು ಹೇಗೆ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ

ಸಾಧನ ಮಾಡುವವರು ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಿಕೊಳ್ಳಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ನೀವು ಕೇಳಿದ್ದೀರಿ, ಖುಷಿಯಾಯಿತು.

ನಾನು ಕೆಲಸ ಕಲಿಯುವಾಗ ಕಂಪ್ಯೂಟರಿಗೆ ಮೋಡೆಮ್ ಹಾಕಬೇಕಾದರೆ ಸ್ಕ್ರೂ ಬಿಚ್ಚಿ, ಕಾರ್ಡ್ ಮೇಲಿನ ಸಣ್ಣ ಜಂಪರ್‌ಗಳನ್ನು ಕೈಯಲ್ಲಿ ಸರಿಸಬೇಕಿತ್ತು. ಕಂಪ್ಯೂಟರಿನ ಗಮನ ಸೆಳೆಯಲು ಸಾಧನಗಳಿಗೆ ಇದ್ದ ದಾರಿಗಳು ಒಟ್ಟು 16. ಒಂದನೇ ಮತ್ತು ಮೂರನೇ ಸೀರಿಯಲ್ ಪೋರ್ಟ್ ಎರಡಕ್ಕೂ 4ನೇ ನಂಬರಿನ ದಾರಿ. ಒಂದು ಸಲ ಮೌಸನ್ನು ಒಂದಕ್ಕೆ, ಮೋಡೆಮನ್ನು ಇನ್ನೊಂದಕ್ಕೆ ಹಾಗೇ ಜೋಡಿಸಿ ಬಂದೆ. ಮೋಡೆಮ್ ಡಯಲ್ ಮಾಡಿದಾಗಲೆಲ್ಲ ಮೌಸ್ ನಿಂತುಬಿಡುತ್ತಿತ್ತು. ಕಾರಣ ಗೊತ್ತಾಗಲು ನನಗೆ ಎರಡು ದಿನ ಬೇಕಾಯಿತು. ಆ ಮನೆಯವರಿಗೆ ಗೊತ್ತಾಗುವುದಾದರೂ ಹೇಗೆ?

ಈ ಪಾಡು ತಪ್ಪಿಸಲೆಂದೇ ಯುಎಸ್‌ಬಿ ಬಂದದ್ದು. ವಡೋದರದಲ್ಲಿ ಓದಿ ಅಮೆರಿಕಕ್ಕೆ ಹೋದ ಅಜಯ್ ಭಟ್ ಇಂಟೆಲ್‌ನಲ್ಲಿ ಇದರ ಹಿಂದೆ ಬಿದ್ದರು. ಏಳು ಕಂಪನಿಗಳು ಸೇರಿ 1996ರ ಜನವರಿಯಲ್ಲಿ ಮೊದಲ ಆವೃತ್ತಿ ಹೊರತಂದವು. ಅದರ ಪ್ಲಗ್ಗನ್ನೇ ನೋಡಿ. ನಾಲ್ಕು ಪಟ್ಟಿಗಳಲ್ಲಿ ಕರೆಂಟಿನ ಎರಡು ಸ್ವಲ್ಪ ಉದ್ದ, ಮಾಹಿತಿಯ ಎರಡು ಗಿಡ್ಡ. ಸಿಕ್ಕಿಸುವಾಗ ಕರೆಂಟ್ ಮೊದಲು ತಾಗುತ್ತದೆ, ತೆಗೆಯುವಾಗ ಕೊನೆಗೆ ಬಿಡುತ್ತದೆ. ಕಂಪ್ಯೂಟರ್ ಆಫ್ ಮಾಡದೆ ಹಾಕಿ ತೆಗೆಯಲು ಆಗುವುದರಲ್ಲಿ ಈ ಉದ್ದ ಗಿಡ್ಡದ ಪಾಲೂ ಇದೆ. ಬಳಸುವವರ ಬಗ್ಗೆ ಆ ಮಟ್ಟಕ್ಕೆ ಯೋಚನೆ ಮಾಡಿದ್ದಾರೆ.

ನಿಮ್ಮ ಸಾಧನಕ್ಕೆ ಬರೋಣ. ಸ್ವಂತ ಡ್ರೈವರ್ ಬರೆಯಲೇಬೇಡಿ. ಕಂಪ್ಯೂಟರಿಗೆ ಈಗಾಗಲೇ ಗೊತ್ತಿರುವ ವರ್ಗವೊಂದನ್ನು ಆರಿಸಿಕೊಳ್ಳಿ. ರೈತರಿಗೆ ಅಳತೆ ನೋಡಿದರೆ ಸಾಕು ಅಂದರೆ ನಿಮ್ಮ ಸಾಧನ ಪೆನ್ ಡ್ರೈವ್ ಆಗಿ ಕಾಣಿಸಿಕೊಳ್ಳಲಿ. ಸಿಕ್ಕಿಸಿದರೆ ಒಂದು ಫೋಲ್ಡರ್, ಅದರಲ್ಲಿ ಒಂದು ಫೈಲ್, ತೆರೆದರೆ ದಿನಾಂಕ ಮತ್ತು ತೇವದ ಅಳತೆ. ಪೆನ್ ಡ್ರೈವ್ ಬಳಸಿದವರಿಗೆ ಬೇರೆ ಏನೂ ಕಲಿಸಬೇಕಿಲ್ಲ. ಮಕ್ಕಳು ಬಳಸುವ ಮೈಕ್ರೋಬಿಟ್ ಬೋರ್ಡ್, ರಾಸ್‌ಬೆರಿ ಪೈ ಪಿಕೊ ಎರಡಕ್ಕೂ ಪ್ರೋಗ್ರಾಂ ಹಾಕುವುದು ಹೀಗೆಯೇ, ಡ್ರೈವ್‌ಗೆ ಫೈಲ್ ಎಳೆದು ಬಿಟ್ಟರೆ ಆಯಿತು. ಕ್ಷಣಕ್ಷಣದ ಅಳತೆ ಬೇಕಾದರೆ ಸೀರಿಯಲ್ ಪೋರ್ಟ್‌ನ ಸಾಮಾನ್ಯ ವರ್ಗ ಬಳಸಿ. ಅದರ ಡ್ರೈವರ್ ವಿಂಡೋಸ್ 10ರಿಂದ ಒಳಗೇ ಇದೆ. ಒಂದೊಂದು ಸಾಧನಕ್ಕೂ ಬೇರೆ ಸೀರಿಯಲ್ ನಂಬರ್ ಕೊಡಲು ಮರೆಯಬೇಡಿ. ಇಲ್ಲದಿದ್ದರೆ ಕೊಪ್ಪಳದವರ ಪ್ರಿಂಟರಿನ ಕಥೆಯೇ ನಿಮ್ಮದೂ ಆಗುತ್ತದೆ.

ಕರೆಂಟಿನ ಲೆಕ್ಕವನ್ನೂ ನೋಡಿ. ಯುಎಸ್‌ಬಿ 2.0ರಲ್ಲಿ ಪರಿಚಯದ ಮಾತುಕತೆ ಮುಗಿಯುವ ತನಕ ಸಾಧನ 100 ಮಿಲಿಆಂಪ್ ಮೀರುವ ಹಾಗಿಲ್ಲ. ಆಮೇಲೆ ಗರಿಷ್ಠ 500. ಸ್ವಂತ ಅಡಾಪ್ಟರ್ ಇಲ್ಲದ ಹಬ್‌ನಲ್ಲಿ (ಒಂದು ಪೋರ್ಟನ್ನು ಹಲವು ಮಾಡುವ ಪೆಟ್ಟಿಗೆಯಲ್ಲಿ) ಒಂದೊಂದು ತೂತಿಗೂ 100 ಮಾತ್ರ. ನಿಮ್ಮ ಸಾಧನ ಅಷ್ಟರಲ್ಲೇ ನಡೆದರೆ ಎಲ್ಲಿ ಸಿಕ್ಕಿಸಿದರೂ ನಡೆಯುತ್ತದೆ.

ಕೊನೆಗೆ, ಅದನ್ನು ಎಂದೂ ನೋಡದ ಒಬ್ಬ ರೈತರ ಕೈಗೆ ಡಬ್ಬಿ ಸಮೇತ ಕೊಡಿ. ಪಕ್ಕದಲ್ಲಿ ಕೂತುಕೊಳ್ಳಿ, ಏನೂ ಹೇಳಿಕೊಡಬೇಡಿ. ಅವರ ಕೈ ಎಲ್ಲಿ ನಿಲ್ಲುತ್ತದೋ ಬರೆದುಕೊಳ್ಳಿ. ಅವರು ತೆರೆಯಬೇಕಾದ ಫೈಲ್‌ಗೆ ‘ಮಣ್ಣಿನ ತೇವ’ ಅಂತ ಕನ್ನಡದಲ್ಲೇ ಹೆಸರಿಡಿ. ಕಂಪ್ಯೂಟರ್ ಅದನ್ನು ಸರಿಯಾಗಿಯೇ ತೋರಿಸುತ್ತದೆ.