ಆಂಬುಲೆನ್ಸ್ ಡ್ಯೂಟಿಗೆ ಸೇರುವ ಮುಂಚೆ ಹೃದಯದ ತುರ್ತು ಔಷಧಿಗಳ ಡೋಸ್ ಎಲ್ಲಾ ಬಾಯಿಪಾಠ ಆಗಿರಬೇಕಾ?

ನರ್ಸಿಂಗ್ ಮುಗಿಸಿ ಹಾಸನದಲ್ಲಿ ಆಂಬುಲೆನ್ಸ್ ಕೆಲಸಕ್ಕೆ ಸೇರುತ್ತಿದ್ದೀರಿ, ಅಡ್ರಿನಲಿನ್, ಅಮಿಯೋಡರೋನ್, ಅಟ್ರೋಪಿನ್ ಡೋಸ್‌ಗಳು ತಲೆಯಲ್ಲಿ ನಿಲ್ಲುತ್ತಿಲ್ಲ, ನೆನಪಿಡಲು ಸುಲಭದ ದಾರಿ ಹೇಳಿ ಅಂತ ಕೇಳಿದ್ದೀರಿ. ನಾನು ಸೇರುವಾಗ ಅವೆಲ್ಲ ನನಗೆ ಬಾಯಿಗೇ ಬರುತ್ತಿದ್ದವು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದೆ. ಆದರೂ ಒಬ್ಬರ ಪ್ರಾಣಕ್ಕೆ ಕುತ್ತು ತಂದೆ.

ಆಗ ಹಾಸನದ ಒಂದು ಖಾಸಗಿ ಆಸ್ಪತ್ರೆಯ ಆಂಬುಲೆನ್ಸ್‌ನಲ್ಲಿದ್ದೆ. ಕಾಫಿ ಕೊಯ್ಲಿನ ಕಾಲ. ಸಕಲೇಶಪುರ ದಾಟಿ ಹಾನುಬಾಳು ಕಡೆಯ ಒಂದು ಎಸ್ಟೇಟಿನಿಂದ ಫೋನ್ ಬಂತು, ರೈಟರ್‌ಗೆ ಎದೆನೋವು ಅಂತ. ನಾವು ಹೋದಾಗ ಅವರು ಕಣದ ಅಂಚಿನ ಕಟ್ಟೆ ಮೇಲೆ ಕೂತಿದ್ದರು, ಆಳುಗಳ ಹಾಜರಿ ಪುಸ್ತಕ ಇನ್ನೂ ತೊಡೆ ಮೇಲೇ ಇತ್ತು. ಆ ಚಳಿಯಲ್ಲೂ ಅಂಗಿ ಬೆವರಿಗೆ ಮೈಗಂಟಿತ್ತು. "ಬೆಳಿಗ್ಗೆಯಿಂದ ಗ್ಯಾಸು ಅಂತಲೇ ಇದ್ರು ಬ್ರದರ್, ಶುಂಠಿ ಕಷಾಯ ಕೊಟ್ಟೆ, ಅದನ್ನೂ ವಾಂತಿ ಮಾಡ್ಕೊಂಡ್ರು" ಅಂದರು ಅವರ ಹೆಂಡತಿ.

ಕಾಲೇಜಿನಲ್ಲಿ ನಿಮಗೂ "ಮೋನಾ" ಹೇಳಿಕೊಟ್ಟಿರುತ್ತಾರೆ: ಮಾರ್ಫಿನ್, ಆಕ್ಸಿಜನ್, ನೈಟ್ರೇಟ್, ಆಸ್ಪಿರಿನ್. ನನ್ನ ತಲೆಯಲ್ಲಿ ಅದೇ ಓಡುತ್ತಿತ್ತು. ಆಸ್ಪಿರಿನ್ ಅಗಿದು ನುಂಗಿಸಿದೆ, ಅದು ಸರಿಯೇ. ಆಕ್ಸಿಜನ್ ಹಾಕಿದೆ, ರಕ್ತದಲ್ಲಿನ ಆಕ್ಸಿಜನ್ ಮಟ್ಟ (ಸ್ಯಾಚುರೇಷನ್) 97 ಇತ್ತು, ಬೇಕಿರಲಿಲ್ಲ. ಆಮೇಲೆ ನೈಟ್ರೇಟ್ ಮಾತ್ರೆ ಸಾರ್ಬಿಟ್ರೇಟ್ 5 ಮಿ.ಗ್ರಾಂ ನಾಲಿಗೆ ಕೆಳಗಿಟ್ಟೆ. ಬಿಪಿ ನೋಡಿರಲಿಲ್ಲ. ಇಸಿಜಿ ತೆಗೆದಿರಲಿಲ್ಲ. ಗಾಡಿಯಲ್ಲಿ ಹಾಕಿಕೊಂಡ ಮೇಲೆ ದಾರಿಯಲ್ಲಿ ನೋಡಿದರಾಯಿತು ಅಂದುಕೊಂಡೆ.

ಸಕಲೇಶಪುರ ಬರುವ ಮೊದಲೇ "ಕಣ್ಣು ಕತ್ತಲೆ ಬರ್ತಿದೆ" ಅಂದವರು ಮಾತು ನಿಲ್ಲಿಸಿದರು. ಮಣಿಕಟ್ಟಿನಲ್ಲಿ ನಾಡಿ ಸಿಗಲಿಲ್ಲ. ಬಿಪಿ ಮೇಲಿನದು 60. ಗಾಡಿ ನಿಲ್ಲಿಸಿ ಇಸಿಜಿ ತೆಗೆದರೆ ಲೀಡ್ ಎರಡು, ಮೂರು, ಎವಿಎಫ್‌ಗಳಲ್ಲಿ ಎಸ್‌ಟಿ ಗೆರೆ ಮೇಲೆದ್ದಿತ್ತು, ಅಂದರೆ ಹೃದಯಾಘಾತ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. "ಮಾತ್ರೆ ಕೊಡೋಕೆ ಮುಂಚೆ ಬಿಪಿ ಎಷ್ಟಿತ್ತು?" ಅಂತ ಕೇಳಿದರು. ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಬೇಸರವಿಲ್ಲದೆ ಓದಿ. ಆ ಮೂರು ಲೀಡ್‌ಗಳು ಹೃದಯದ ಕೆಳಗೋಡೆಯನ್ನು ತೋರಿಸುತ್ತವೆ. ಆ ಗೋಡೆಗೆ ಹೆಚ್ಚಿನವರಲ್ಲಿ ರಕ್ತ ಬರುವುದು ಬಲಗಡೆಯ ಕೊರೊನರಿ ರಕ್ತನಾಳದಿಂದ. ಅದೇ ನಾಳ ಬಲ ಹೃತ್ಕುಕ್ಷಿಗೂ (ಹೃದಯದ ಬಲಗಡೆಯ ಕೆಳಕೋಣೆಗೂ) ರಕ್ತ ಕೊಡುತ್ತದೆ. ನಾಳ ಮೇಲ್ಭಾಗದಲ್ಲೇ ಕಟ್ಟಿಕೊಂಡರೆ ಕೆಳಗೋಡೆಯ ಜೊತೆ ಬಲಭಾಗವೂ ಸೋಲುತ್ತದೆ. ಸೋತ ಬಲಭಾಗಕ್ಕೆ ತಾನಾಗಿ ತಳ್ಳುವ ಶಕ್ತಿ ಕಡಿಮೆ, ಮೈಯಿಂದ ವಾಪಸ್ ಬರುವ ರಕ್ತದ ಒತ್ತಡವನ್ನೇ ಅದು ನಂಬಿಕೊಂಡಿರುತ್ತದೆ. ಸಾರ್ಬಿಟ್ರೇಟ್ ಮಾಡುವ ಕೆಲಸವೇ ಸಿರೆಗಳನ್ನು ಹಿಗ್ಗಿಸುವುದು. ಸಿರೆ ಹಿಗ್ಗಿದರೆ ರಕ್ತ ಅಲ್ಲೇ ನಿಲ್ಲುತ್ತದೆ, ಹೃದಯಕ್ಕೆ ವಾಪಸ್ ಬರುವುದು ಕಡಿಮೆಯಾಗುತ್ತದೆ. ಕೆರೆಯಲ್ಲಿ ನೀರು ಇಳಿದು ಫುಟ್‌ವಾಲ್ವ್ ಗಾಳಿ ಎಳೆಯಲು ಶುರುಮಾಡಿದರೆ ಪಂಪ್‌ಸೆಟ್ ಎಷ್ಟು ಓಡಿದರೂ ಪೈಪಿನಲ್ಲಿ ನೀರು ಬರುವುದಿಲ್ಲವಲ್ಲ, ಹಾಗೇ ಆಯಿತು. ಎಡಗಡೆಗೆ ರಕ್ತವೇ ತಲುಪಲಿಲ್ಲ, ಬಿಪಿ ಕುಸಿಯಿತು, ಮೊದಲೇ ರಕ್ತ ಸಿಗದೆ ಒದ್ದಾಡುತ್ತಿದ್ದ ಹೃದಯಕ್ಕೆ ಇದ್ದಷ್ಟೂ ಹೋಯಿತು.

ಬಲಭಾಗ ಸೋತಿದೆ ಅನ್ನುವ ಸುಳಿವುಗಳೆಲ್ಲ ನನ್ನ ಕಣ್ಣೆದುರೇ ಇದ್ದವು. ಕತ್ತಿನ ಸಿರೆ ಉಬ್ಬಿತ್ತು. ಎದೆಗೆ ಸ್ಟೆತ್ ಇಟ್ಟಾಗ ಶ್ವಾಸಕೋಶದಲ್ಲಿ ಗೊರಗೊರ ಇರಲಿಲ್ಲ. ನಾಡಿ 50ರ ಆಸುಪಾಸು. ಕೈ ತಣ್ಣಗಿತ್ತು. ಬಿಪಿ ನೋಡಿದ್ದರೆ ಮಾತ್ರೆಗೆ ಮುಂಚೆಯೇ ಅದು ಕಡಿಮೆ ಇದ್ದದ್ದು ಗೊತ್ತಾಗುತ್ತಿತ್ತು ಅಂತ ಈಗಲೂ ನಂಬಿದ್ದೇನೆ. ಬಿಪಿ ಕಫ್ ಸ್ಟ್ರೆಚರಿನ ತಲೆಯ ಹತ್ತಿರದ ಕೊಕ್ಕೆಯಲ್ಲೇ ನೇತಾಡುತ್ತಿತ್ತು, ಕೈ ಚಾಚಿದರೆ ಸಿಗುತ್ತಿತ್ತು. ಮೇಲಿನ ಬಿಪಿ 90ಕ್ಕಿಂತ ಕಡಿಮೆ ಇದ್ದರೆ ನೈಟ್ರೇಟ್ ಕೊಡಬಾರದು ಅಂತ ನನಗೆ ಗೊತ್ತಿರಲಿಲ್ಲವೇ? ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆ.

ಡಾಕ್ಟರ್ ಹೇಳಿದಂತೆ ಮಲಗಿಸಿ ಕಾಲು ಎತ್ತಿ, ಸಲೈನ್ ಜೋರಾಗಿ ಬಿಟ್ಟೆ. ಬಾಳ್ಳುಪೇಟೆ ಹತ್ತಿರ ನಾಡಿ ಕೈಗೆ ಸಿಕ್ಕಿತು. ಅವರು ಬದುಕಿದರು. ಆದರೆ ಬಿಪಿ ಬಿದ್ದ ಹೊತ್ತಿನಲ್ಲಿ ಕಿಡ್ನಿಗೆ ಪೆಟ್ಟು ಬಿದ್ದು ಡಯಾಲಿಸಿಸ್ ಮಾಡಬೇಕಾಯಿತು, ಐಸಿಯು ವಾಸ ಉದ್ದವಾಯಿತು, ಆ ಮನೆಯವರು ಮಗಳ ಮದುವೆಗೆ ಇಟ್ಟಿದ್ದ ಒಡವೆ ಅಡವಿಟ್ಟರು. ನನ್ನನ್ನು ಗಾಡಿಯಿಂದ ಇಳಿಸಿ ವಾರ್ಡಿಗೆ ಹಾಕಿದರು. ಅವರು ಹಾಗೆ ಮಾಡಿದ್ದು ಸರಿ ಅಂತಲೇ ಹೇಳುತ್ತೇನೆ.

ಹಾಗಾಗಿ ಡೋಸ್ ಬಾಯಿಪಾಠದ ಉಪಾಯ ನಾನು ಹೇಳಿಕೊಡುವುದಿಲ್ಲ. ಡೋಸ್ ಬರೆದ ಕಾರ್ಡ್ ಲ್ಯಾಮಿನೇಟ್ ಮಾಡಿಸಿ ಔಷಧಿ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿ, ಓದಿಕೊಂಡೇ ಕೊಡಿ, ಫೋನಿನಲ್ಲಿರುವ ಡಾಕ್ಟರಿಗೆ ಜೋರಾಗಿ ಹೇಳಿಯೇ ಕೊಡಿ. ಓದಿ ಕೊಡುವುದರಲ್ಲಿ ಯಾವ ಅವಮಾನವೂ ಇಲ್ಲ. ಪುಸ್ತಕದ ಡೋಸ್ ಕಲಿತವರು ಎಡವುವುದು ಆಂಪೂಲ್ (ಇಂಜೆಕ್ಷನ್ ಔಷಧಿಯ ಪುಟ್ಟ ಗಾಜಿನ ಸೀಸೆ) ಹತ್ತಿರ. ನಾಡಿ ತೀರಾ ನಿಧಾನವಾಗಿ ಬಿಪಿ ಬಿದ್ದಾಗ ಅಟ್ರೋಪಿನ್ 1 ಮಿ.ಗ್ರಾಂ ಅಂತ ಈಗಿನ ಅಮೆರಿಕನ್ ಮಾರ್ಗಸೂಚಿ ಹೇಳುತ್ತದೆ, ಒಟ್ಟು 3 ಮಿ.ಗ್ರಾಂ ಮೀರಬಾರದು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಆಂಪೂಲ್ 0.6 ಮಿ.ಗ್ರಾಂನದು. ಹೃದಯ ನಿಂತಾಗ ಕೊಡುವ ಅಮಿಯೋಡರೋನ್ ಮೊದಲ ಡೋಸ್ 300 ಮಿ.ಗ್ರಾಂ, ಆಂಪೂಲ್ 150, ಅಂದರೆ ಎರಡು ಒಡೆಯಬೇಕು. ಗಾಡಿ ಹೇರ್‌ಪಿನ್ ತಿರುವಿನಲ್ಲಿ ವಾಲುವಾಗ ಈ ಲೆಕ್ಕ ಮಾಡುವಂತಾಗಬಾರದು, ಡ್ಯೂಟಿ ಶುರುವಿನಲ್ಲೇ ಬಾಕ್ಸ್ ತೆಗೆದು ಲೇಬಲ್ ನೋಡಿ ಕಾರ್ಡಿನ ಮೇಲೆ ಬರೆದಿಟ್ಟುಕೊಳ್ಳಿ.

ಔಷಧಿಗಳ ಮೇಲೆ ನಿಮಗಿರುವ ನಂಬಿಕೆಯೂ ಹೆಚ್ಚೇ ಆಯಿತು ಅನ್ನಿಸುತ್ತದೆ. ಹೃದಯ ನಿಂತವರಿಗೆ 3ರಿಂದ 5 ನಿಮಿಷಕ್ಕೊಮ್ಮೆ 1 ಮಿ.ಗ್ರಾಂ ಅಡ್ರಿನಲಿನ್ ಕೊಡುತ್ತೇವೆ. ಬ್ರಿಟನ್ನಿನ ಆಂಬುಲೆನ್ಸ್ ಪ್ಯಾರಾಮೆಡಿಕ್‌ಗಳ ಮೂಲಕ 8,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 30 ದಿನದ ನಂತರ ಬದುಕಿದ್ದವರು ಅಡ್ರಿನಲಿನ್ ಸಿಕ್ಕವರಲ್ಲಿ 3.2%, ಬರೀ ಸಲೈನ್ ಸಿಕ್ಕವರಲ್ಲಿ 2.4%. ಮೆದುಳು ಚೆನ್ನಾಗಿ ಉಳಿದವರ ಲೆಕ್ಕದಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಕೊಡಬೇಡಿ ಅಂತಲ್ಲ, ಕೊಡಿ. ಆದರೆ ಸೂಜಿ ಹುಡುಕುತ್ತಾ ಎದೆ ಒತ್ತುವುದು ನಿಲ್ಲಿಸಿದರೆ, ಶಾಕ್ ಕೊಡುವ ಡಿಫಿಬ್ರಿಲೇಟರ್ ಹಚ್ಚುವುದು ತಡವಾದರೆ, ಯಾವ ಆಂಪೂಲೂ ಆ ನಷ್ಟ ತುಂಬಿಕೊಡುವುದಿಲ್ಲ. ನಿಂತೇಹೋದ ಹೃದಯಕ್ಕೆ ಅಟ್ರೋಪಿನ್ ಕೊಡುತ್ತಿದ್ದ ಹಳೆಯ ಪದ್ಧತಿಯನ್ನು 2010ರಲ್ಲೇ ಮಾರ್ಗಸೂಚಿಯಿಂದ ತೆಗೆದರು. ಹಳೆ ನೋಟ್ಸ್ ಓದುತ್ತಿದ್ದರೆ ಹುಷಾರು.

ಹೃದಯಾಘಾತಕ್ಕೆ ನಿಜವಾದ ಚಿಕಿತ್ಸೆ ನಿಮ್ಮ ಬಾಕ್ಸಿನಲ್ಲಿ ಇರುವುದೂ ಇಲ್ಲ. ಕಟ್ಟಿದ ನಾಳ ತೆರೆಯಬೇಕು, ಅದಕ್ಕೆ ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾಥ್‌ಲ್ಯಾಬ್ ಬೇಕು ಅಥವಾ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಬೇಕು. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಕಳಿಸಿ, ತಜ್ಞರ ಸಲಹೆ ಪಡೆದು ಆ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿದ್ದಾರೆ. ನಿಮ್ಮ ದಾರಿಯ ಯಾವ ಆಸ್ಪತ್ರೆಯಲ್ಲಿ ಆ ಸೌಲಭ್ಯ ನಡೆಯುತ್ತಿದೆ ಅಂತ ಮೊದಲೇ ಹೋಗಿ ಕೇಳಿಟ್ಟುಕೊಳ್ಳಿ. 2025ರ ಜೂನ್-ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಕೇಳಿ ಜನ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಾಗುವ ಮುಂಚೆ ಸಾಲು ನಿಂತಿದ್ದು ನೋಡಿರುತ್ತೀರಿ. ಆ ಭಯ ನಮ್ಮ ಊರುಗಳಲ್ಲಿ ಇನ್ನೂ ಇದೆ. ನಿಮ್ಮ ಕೈಯಲ್ಲಿ ಮಾತ್ರೆ ಕಂಡ ಕೂಡಲೇ "ಅದನ್ನ ಕೊಟ್ಬಿಡಿ" ಅಂತ ಮನೆಯವರೆಲ್ಲ ಮುಗಿಬೀಳುತ್ತಾರೆ. ಕೊಡುವುದು ಬಿಪಿ, ಇಸಿಜಿ ಆದಮೇಲೆ.

ಇನ್ನೊಂದು ವಿಷಯವನ್ನು ಸಂಕೋಚ ಬಿಟ್ಟು ಕೇಳಬೇಕು. ಗಂಡಸರು ಲೈಂಗಿಕ ಶಕ್ತಿಗೆಂದು ನುಂಗುವ ಮಾತ್ರೆಗಳ ವಿಷಯ ಇದು: ಸಿಲ್ಡೆನಾಫಿಲ್ ತಗೊಂಡು 24 ಗಂಟೆ, ಟಡಲಾಫಿಲ್ ಆದರೆ 48 ಗಂಟೆ ಆಗಿರದಿದ್ದರೆ ನೈಟ್ರೇಟ್ ಕೊಡುವಂತಿಲ್ಲ, ಬಿಪಿ ಪಾತಾಳಕ್ಕೆ ಹೋಗುತ್ತದೆ. ನಮ್ಮ ಮಲೆನಾಡಿನಲ್ಲಿ ಹೆಂಡತಿ ಮಕ್ಕಳ ಮುಂದೆ ಈ ಪ್ರಶ್ನೆಗೆ ಯಾರೂ ಹೌದು ಅನ್ನುವುದಿಲ್ಲ. "ಅಮ್ಮಾ, ಹಳೆ ರಿಪೋರ್ಟ್, ಆಧಾರ್ ಕಾರ್ಡ್ ತಗೊಂಬನ್ನಿ" ಅಂತ ಅವರನ್ನು ಒಳಗೆ ಕಳಿಸಿ, ಕಿವಿಯ ಹತ್ತಿರ ಬಗ್ಗಿ, ಮಾತ್ರೆಯ ಹೆಸರು ಹೇಳಿಯೇ ಕೇಳಿ.

ಇನ್ನು ಸೇರುವ ಮುಂಚೆ ಕೆಲವು ದಿನ ಯಾವುದಾದರೂ ಇಸಿಜಿ ರೂಮಿನಲ್ಲಿ ನಿಂತು, ಬಲ ಹೃತ್ಕುಕ್ಷಿಗೂ ಪೆಟ್ಟಾಗಿದೆಯೇ ಅಂತ ತೋರಿಸುವ ಬಲಗಡೆಯ ಲೀಡ್ ವಿ4ಆರ್ ತೆಗೆಯುವುದನ್ನು ಕೈಯಾರೆ ಕಲಿಯಿರಿ. ವಿ4ರ ಎಲೆಕ್ಟ್ರೋಡನ್ನು ಎದೆಯ ಬಲಗಡೆ ಅದೇ ಎತ್ತರಕ್ಕೆ ಅಂಟಿಸುವುದು ಅಷ್ಟೇ: 5ನೇ ಪಕ್ಕೆ ಸಂದು, ಕಾಲರ್ ಮೂಳೆಯ ನಡುವಿನಿಂದ ನೇರ ಕೆಳಗೆ. ಕೆಳಗೋಡೆಯ ಹೃದಯಾಘಾತ ಕಂಡಾಗಲೆಲ್ಲ ತೆಗೆಯಿರಿ. ತೆಗೆದ ಕೂಡಲೇ ಪೇಪರಿನ ಮೇಲೆ ಪೆನ್ನಿನಲ್ಲಿ ವಿ4ಆರ್ ಅಂತ ಬರೆಯಿರಿ, ಯಾಕೆಂದರೆ ಮಷಿನ್ ವಿ4 ಅಂತಲೇ ಪ್ರಿಂಟ್ ಮಾಡುತ್ತದೆ, ಆಸ್ಪತ್ರೆಯಲ್ಲಿ ಅದನ್ನು ಓದುವ ಡಾಕ್ಟರಿಗೆ ನೀವು ಎಲೆಕ್ಟ್ರೋಡ್ ಎಲ್ಲಿಟ್ಟಿದ್ದಿರಿ ಅಂತ ಗೊತ್ತಾಗುವುದಿಲ್ಲ.