ಅಡ್ರಿನಲ್ ಗ್ರಂಥಿಯ ಲೇಖನ ಕಳಿಸಿದ ಹೊಸನಗರದ ಲೇಖಕರಿಗೆ

ನಲ್ಮೆಯವರೇ,

ನಿಮ್ಮ ಹನ್ನೊಂದು ಪುಟಗಳನ್ನು ಎರಡು ಸಲ ಓದಿದೆ. ಈಗಿರುವಂತೆ ಅಚ್ಚು ಹಾಕಲಾರೆ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಮೊದಲ ನಾಲ್ಕು ಪುಟ ತೆಗೆದುಬಿಡಿ. ನಿಮ್ಮ ಲೇಖನ ಶುರುವಾಗುವುದು ಐದನೆಯ ಪುಟದಲ್ಲಿ: ಪಾಚಿಗಟ್ಟಿದ ಅಡಿಕೆ ಮರದ ತುದಿಯಲ್ಲಿ, ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರ ಕಾಲು ಜಾರಿದ್ದು, ಅವರು ಪಕ್ಕದ ಮರವನ್ನು ತಬ್ಬಿ ಉಳಿದದ್ದು, ಇಳಿದ ಮೇಲೂ ಬಹಳ ಹೊತ್ತು ಕೈಯಲ್ಲಿ ಚಹಾದ ಲೋಟ ನಿಲ್ಲದೇ ಇದ್ದದ್ದು. ಇದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಒಂದಕ್ಷರವನ್ನೂ ಬದಲಿಸಬೇಡಿ.

ಆದರೆ ಆ ದೃಶ್ಯದ ಸೆಳೆತಕ್ಕೆ ಸಿಕ್ಕಿ ಮುಂದಿನ ಪುಟಗಳನ್ನೆಲ್ಲ, ಗಾಬರಿಯ ಗಳಿಗೆಯಲ್ಲಿ ಗ್ರಂಥಿ ಸುರಿಸುವ ಹಾರ್ಮೋನಾದ ಅಡ್ರಿನಲಿನ್‌ಗೇ ಕೊಟ್ಟಿದ್ದೀರಿ. ಗ್ರಂಥಿಯ ಹೊರಪದರಕ್ಕೆ ಉಳಿದದ್ದು ಮೂರೇ ಸಾಲು. ನನ್ನ ಮುಖ್ಯ ತಕರಾರು ಇದೇ.

ಗ್ರಂಥಿಯನ್ನು ಕೋಟೆಗೂ ಅರಮನೆಗೂ ಹೋಲಿಸಿದ್ದೀರಿ. ತೋಟದ ನಡುವೆ ಇರುವ ನಿಮಗೆ ಕೋಟೆ ಏಕೆ? ಹಸಿ ಅಡಿಕೆಯೊಂದನ್ನು ಸೀಳಿ ನೋಡಿ: ಹೊರಗೆ ಸಿಪ್ಪೆ, ಒಳಗೆ ಅಡಿಕೆ. ಮೂತ್ರಪಿಂಡದ ನೆತ್ತಿಯ ಮೇಲೆ ಕೂತ, ನಾಲ್ಕೈದು ಗ್ರಾಂ ತೂಗುವ ಈ ಗ್ರಂಥಿಯಲ್ಲೂ ಹೊರಗೆ ಹಳದಿ ತೊಗಟೆ, ಒಳಗೆ ಕೆಂಗಂದು ತಿರುಳು. ತಿರುಳು ಅಡ್ರಿನಲಿನ್ ಸುರಿಸುತ್ತದೆ. ತೊಗಟೆಯಲ್ಲಿ ಮೂರು ಪದರಗಳು: ಹೊರಗಿನದು ಉಪ್ಪಿನಂಶ ಹಿಡಿದಿಡುವ ಅಲ್ಡೋಸ್ಟಿರೋನ್, ನಡುವಿನದು ದೇಹಕ್ಕೆ ಒತ್ತಡ ತಾಳಲು ಬೇಕಾದ ಕಾರ್ಟಿಸೋಲ್, ಒಳಗಿನದು ಲೈಂಗಿಕ ಹಾರ್ಮೋನುಗಳ ಮೂಲವಸ್ತು ತಯಾರಿಸುತ್ತವೆ.

ಇಲ್ಲಿ ಬೆಲೆ ಮಾತ್ರ ತಿರುವುಮುರುವು. ಅಡಿಕೆಯಲ್ಲಿ ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗುತ್ತದೆ. ಗ್ರಂಥಿಯಲ್ಲಿ ಸಿಪ್ಪೆಯೇ ಜೀವ. ತಿರುಳು ಹಾಳಾದರೂ ಮನುಷ್ಯ ಬದುಕುತ್ತಾನೆ, ಏಕೆಂದರೆ ನರಮಂಡಲ ಅದರ ಕೆಲಸವನ್ನು ಬಹುಪಾಲು ನಿಭಾಯಿಸುತ್ತದೆ. ತೊಗಟೆ ಹೋದರೆ ಔಷಧಿಯಿಲ್ಲದೆ ಉಳಿಗಾಲವಿಲ್ಲ. ಇನ್ನೊಂದು ಸಂಗತಿಯಂತೂ ನನಗೆ ಎಷ್ಟು ಸಲ ಓದಿದರೂ ಹೊಸದು: ತೊಗಟೆಯ ಮೂಲಕ ಹರಿದು ಬರುವ ರಕ್ತ ಕಾರ್ಟಿಸೋಲನ್ನು ತಿರುಳಿಗೆ ಹೊತ್ತು ತರುತ್ತದೆ, ಅದರ ಬಲದಿಂದಲೇ ಅಲ್ಲಿ ನಾರ್‌ಅಡ್ರಿನಲಿನ್ ಅಡ್ರಿನಲಿನ್ ಆಗುತ್ತದೆ. ಕೊನೆಗೌಡರನ್ನು ಆ ಕ್ಷಣ ಕಾಪಾಡಿದ್ದರಲ್ಲೂ ಸಿಪ್ಪೆಯ ಪಾಲಿದೆ. ಇದನ್ನು ಬರೆಯದೆ ಹೇಗೆ ಬಿಟ್ಟಿರಿ?

1855ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಅಡಿಸನ್ ಅಡ್ರಿನಲಿನ್ ಕಂಡುಹಿಡಿದರು ಎಂದಿದ್ದೀರಿ. ತಪ್ಪು. ಅವರು ಆ ವರ್ಷ ವಿವರಿಸಿದ್ದು ಈ ಗ್ರಂಥಿ ಕೆಟ್ಟಾಗ ಬರುವ ಕಾಯಿಲೆಯನ್ನು: ತೀರದ ನಿಶ್ಶಕ್ತಿ, ಸೋತ ನಾಡಿ, ಕಪ್ಪಾಗುವ ಚರ್ಮ. ಆಗ ಅದಕ್ಕೆ ದೊಡ್ಡ ಕಾರಣ ಕ್ಷಯ. ಅಡ್ರಿನಲಿನ್ನನ್ನು ಶುದ್ಧ ಹರಳಾಗಿ ಬೇರ್ಪಡಿಸಿದವರು ಜಪಾನಿನ ರಸಾಯನವಿಜ್ಞಾನಿ ಜೋಕಿಚಿ ತಕಾಮಿನೆ, ಅದು ಇಪ್ಪತ್ತನೆಯ ಶತಮಾನದ ಹೊಸ್ತಿಲಿನಲ್ಲಿ.

ಈ ತಪ್ಪನ್ನು ನಾನೇ ತಿದ್ದಿಕೊಳ್ಳುತ್ತಿದ್ದೆ. ಕೊನೆಯ ಪುಟ ಓದಿದಾಗ ಮಾತ್ರ ನನ್ನ ಎದೆ ಧಸಕ್ಕೆಂದಿತು. 'ಸ್ಟೀರಾಯ್ಡ್ ಮಾತ್ರೆ ವಿಷ, ಇಂದೇ ನಿಲ್ಲಿಸಿ' ಎಂದು ಬರೆದಿದ್ದೀರಿ. ಮಲೆನಾಡಿನ ಥಂಡಿಯಲ್ಲಿ ಉಬ್ಬಸಕ್ಕೆ, ಕೀಲುನೋವಿಗೆ ತಿಂಗಳುಗಟ್ಟಲೆ ಈ ಮಾತ್ರೆ ನುಂಗುವ ಹಿರಿಯರು ಯಾವ ಊರಿನಲ್ಲಿಲ್ಲ? ಕಾರ್ಟಿಸೋಲಿನಂತೆಯೇ ಕೆಲಸ ಮಾಡುವ ಸ್ಟೀರಾಯ್ಡ್ ಹೊರಗಿನಿಂದ ಬರುತ್ತಿದ್ದರೆ ಮೆದುಳಿನಡಿಯ ಪಿಟ್ಯುಟರಿ ಗ್ರಂಥಿಯು ತೊಗಟೆಗೆ ಸೂಚನೆ ಕಳಿಸುವುದನ್ನೇ ಕಡಿಮೆ ಮಾಡುತ್ತದೆ, ತೊಗಟೆ ಸೊರಗುತ್ತದೆ. ಥಟ್ಟನೆ ನಿಲ್ಲಿಸಿದರೆ ಅದು ಏಳಲಾರದು. ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು. ಅದನ್ನು ನಿಲ್ಲಿಸುವುದಿದ್ದರೆ ವೈದ್ಯರು ಹೇಳಿದಂತೆ ಹಂತಹಂತವಾಗಿ. ಹೊರಪದರಕ್ಕೆ ಮೂರೇ ಸಾಲು ಕೊಟ್ಟದ್ದರಿಂದಲೇ ಈ ವಾಕ್ಯ ನಿಮ್ಮಿಂದ ಬಂತು ಎಂದು ನನ್ನ ನಂಬಿಕೆ.

ನಿಮಗೆ ನೋಡುವ ಕಣ್ಣಿದೆ, ಅದಕ್ಕಾಗಿಯೇ ಇಷ್ಟು ಕಟುವಾಗಿ ಬರೆದೆ. ಆರು ಪುಟಕ್ಕೆ ಇಳಿಸಿ, ತೊಗಟೆಗೆ ಎರಡು ಪುಟ ಕೊಡಿ. ಶಿವಮೊಗ್ಗಕ್ಕೆ ಅಂಚೆಗೆ ಹಾಕುವ ಮುನ್ನ ಒಬ್ಬ ವೈದ್ಯರಿಗೆ ಓದಿಸಿ, ಅವರು ತಿದ್ದಿದ ಪ್ರತಿಯನ್ನೂ ಜೊತೆಗಿಡಿ. ಕೊನೆಗೌಡರ ಅನುಮತಿ ಕೇಳುವುದನ್ನು ಮರೆಯಬೇಡಿ.

ನಿಮ್ಮ,
ಸಂಪಾದಕ