ತೋಟದ ನಡುವಿನ ಒಂಟಿ ಮನೆಗೆ ಕ್ಯಾಮೆರಾ ಹಾಕಿಸಿದರೆ ಸಾಕೇ?

ಮಲೆನಾಡಿನ ಹೆಂಚಿನ ಮನೆಯೊಂದರ ಭದ್ರತೆಗೆ ಕ್ಯಾಮೆರಾ ಸಾಕೇ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ಹಿಂಬಾಗಿಲನ್ನು. ಮುಂಬಾಗಿಲು ದಪ್ಪ ಹಲಸಿನ ಹಲಗೆಯದ್ದಾಗಿದ್ದರೂ, ಬಚ್ಚಲ ಕಡೆಯ ಬಾಗಿಲಿನ ಚಿಲಕ ಎಷ್ಟೋ ಮನೆಗಳಲ್ಲಿ ಅರ್ಧ ಇಂಚಿನ ತುಕ್ಕು ಹಿಡಿದ ಸ್ಕ್ರೂಗಳ ಮೇಲೆ ನಿಂತಿರುತ್ತದೆ, ಬಲವಾಗಿ ಒದ್ದರೆ ಕಿತ್ತುಬರುತ್ತದೆ. ಚೌಕಟ್ಟಿನೊಳಗೆ ಆಳಕ್ಕಿಳಿಯುವ 3 ಇಂಚಿನ ಸ್ಕ್ರೂ ಹಾಕಿಸಿ, ಹಿರಿಯರು ಮಾಡುತ್ತಿದ್ದಂತೆ ಒಳಗಿನಿಂದ ಮರದ ಅಡ್ಡ ಅಗುಳಿ ಕೊಡಿ. ಹೆಂಚು ಸರಿಸಿ ಇಳಿಯದಂತೆ ಮಾಡಿನ ಕೆಳಗೆ ಕಬ್ಬಿಣದ ಜಾಲರಿ ಬೇಕು; ಏಣಿ, ಹಾರೆಗಳನ್ನು ಹೊರಗೆ ಬಿಡಬೇಡಿ. ಕರೆಂಟು, ನೆಟ್‌ವರ್ಕ್ ಎರಡೂ ಇಲ್ಲದ ಮಳೆಗಾಲದ ರಾತ್ರಿ ಕ್ಯಾಮೆರಾ ನಿಮ್ಮನ್ನು ಎಬ್ಬಿಸಲಾರದು, ನಾಯಿ ಎಬ್ಬಿಸುತ್ತದೆ. ಅಡಿಕೆ ಒಣಗಿಸುವ ದಿನಗಳಲ್ಲಿ ಅಂಗಳಕ್ಕೆ ಚಲನೆ ಗುರುತಿಸಿ ಹೊತ್ತಿಕೊಳ್ಳುವ ಸೋಲಾರ್ ದೀಪವಿರಲಿ. ತುರ್ತು ಸಂಖ್ಯೆ 112ರ ಜೊತೆಗೆ, ಅದಕ್ಕಿಂತ ಬೇಗ ತಲುಪಬಲ್ಲ ನೆರೆಮನೆಯವರ ಸಂಖ್ಯೆಯನ್ನೂ ಗೋಡೆಯ ಮೇಲೆ ಬರೆದಿಡಿ.